ಸ್ಟೇಷನ್ ಗೇಟು ದಾಟಿದ ಮೇಲೆ: ಹಾಸನ ಜಂಕ್ಷನ್ ಸುತ್ತಲಿನ 800 ಮೀಟರ್

ರೈಲ್ವೆ ನಿಲ್ದಾಣದ ಅಭಿವೃದ್ಧಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕಟ್ಟಡ. ಹೊಸ ಮುಂಭಾಗ, ಹೊಯ್ಸಳ ಕಂಬದ ನಕಲು, ಲಿಫ್ಟು, ಎಸ್ಕಲೇಟರು, ಮಿನುಗುವ ಬೋರ್ಡು. ಪೇಪರಿನಲ್ಲಿ ಬರುವ ಕಂಪ್ಯೂಟರ್ ಚಿತ್ರದಲ್ಲಿ ಕಟ್ಟಡದ ಎದುರು ಹಸಿರು ಹುಲ್ಲು ಇರುತ್ತದೆ, ನಾಲ್ಕೈದು ಕಾರು ಇರುತ್ತವೆ, ಕೈಬೀಸಿಕೊಂಡು ನಡೆಯುವ ಒಂದಷ್ಟು ಜನ ಇರುತ್ತಾರೆ. ಆ ಜನ ಎಲ್ಲಿಗೆ ನಡೆದು ಹೋಗುತ್ತಿದ್ದಾರೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಚಿತ್ರ ಕಾಂಪೌಂಡಿಗೆ ಮುಗಿದುಹೋಗಿರುತ್ತದೆ.

ರೈಲ್ವೆಯ ಅಮೃತ ಭಾರತ ನಿಲ್ದಾಣ ಯೋಜನೆಯಲ್ಲಿ 2023ರ ಆಗಸ್ಟ್ 6ರಂದು ದೇಶದ 508 ನಿಲ್ದಾಣಗಳಿಗೆ ಒಂದೇ ದಿನ ಶಂಕುಸ್ಥಾಪನೆ ಆಯಿತು. ನಮ್ಮ ಜಿಲ್ಲೆಯ ಅರಸೀಕೆರೆ ಆ ಪಟ್ಟಿಯಲ್ಲಿತ್ತು. ಯೋಜನೆಯ ಕಾಗದದಲ್ಲಿ ಒಂದು ಒಳ್ಳೆಯ ಮಾತೂ ಇದೆ: ನಿಲ್ದಾಣವನ್ನು ಊರಿನ ಎರಡೂ ಬದಿಗೆ ಜೋಡಿಸಬೇಕು, ಬಸ್ಸು, ಆಟೊ ಎಲ್ಲದಕ್ಕೂ ಹೊಂದಿಸಬೇಕು. ಆದರೆ ರೈಲ್ವೆಯ ಕೈ ರೈಲ್ವೆಯ ಜಾಗದವರೆಗೆ ಮಾತ್ರ ಚಾಚುತ್ತದೆ. ಗೇಟು ದಾಟಿದ ಮೇಲೆ ಅದು ಊರಿನವರ ಪಾಲು.

ಹಾಸನ ಜಂಕ್ಷನ್ ಸುತ್ತ, ಹತ್ತು ನಿಮಿಷ ನಡೆದರೆ ಸಿಗುವಷ್ಟು ದೂರದಲ್ಲಿ ಮನೆ, ಅಂಗಡಿ, ಆಫೀಸು, ಪಿಜಿ, ಕ್ಲಿನಿಕ್ಕು ಎಲ್ಲ ಒಟ್ಟೊಟ್ಟಿಗೆ ಬೆಳೆಯುವ ಹಾಗೆ ಮಾಡಬಹುದಾ? ಮಾಡಬಹುದು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನ್ನ ಲೆಕ್ಕದಲ್ಲಿ ಮೊದಲು ನಡೆಯುವ ದಾರಿ ಸರಿಯಾಗಬೇಕು, ಆಮೇಲೆ ರೈಲಿನ ಟೈಮಿಂಗು. ಮಹಡಿ ಏರಿಸುವ ಮಾತು ಕೊನೆಗೆ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ಉಲ್ಟಾ.

ಯಾರು ಇಳಿಯುತ್ತಾರೆ, ಯಾರು ಹತ್ತುತ್ತಾರೆ

ಮುಂಬೈ ಲೋಕಲ್ ಥರದ ರೈಲು ಹಾಸನಕ್ಕಿಲ್ಲ. ಆದರೆ ಅಪ್ ಅಂಡ್ ಡೌನ್ ಮಾಡುವವರು ಇದ್ದಾರೆ. ಹೊಳೆನರಸೀಪುರ ಕಡೆಯಿಂದ, ಅರಸೀಕೆರೆಯಿಂದ, ಸಕಲೇಶಪುರದಿಂದ ಬರುವ ಟೀಚರುಗಳು, ಬ್ಯಾಂಕಿನವರು, ಕಾಲೇಜು ಮಕ್ಕಳು, ಹಿಮ್ಸ್ ಆಸ್ಪತ್ರೆಗೆ ತೋರಿಸಲು ಬರುವವರು. ಹಳಿ ನಾಲ್ಕು ದಿಕ್ಕಿಗೂ ಹೋಗುತ್ತದೆ. ಮೈಸೂರು–ಅರಸೀಕೆರೆ ದಾರಿ ಮೈಸೂರು ಸಂಸ್ಥಾನದ ಕಾಲದ್ದು. ಮಂಗಳೂರಿನ ಘಾಟಿ ದಾರಿ ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್‌ಗೆ ಬದಲಾಗಿ, ಪ್ರಯಾಣಿಕರ ರೈಲು ಮತ್ತೆ ಶುರುವಾಗಿದ್ದು 2007ರ ಕೊನೆಗೆ. ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ಬೆಂಗಳೂರಿಗೆ ಹೋಗುವ ದಾರಿ ದೇವೇಗೌಡರು ಪ್ರಧಾನಿ ಆಗಿದ್ದಾಗಿನ ಕನಸು. ಅದು ಪೂರ್ತಿ ತೆರೆದಿದ್ದು 2017ರ ಮಾರ್ಚ್‌ನಲ್ಲಿ. ಶಂಕುಸ್ಥಾಪನೆ ಹೊತ್ತಿಗೆ ಹುಟ್ಟಿದ ಮಗು ರೈಲು ಬರುವಷ್ಟರಲ್ಲಿ ಡಿಗ್ರಿ ಮುಗಿಸುವ ವಯಸ್ಸಿಗೆ ಬಂದಿತ್ತು.

ರೈಲ್ವೆಯ ಮಂತ್ಲಿ ಪಾಸು ಸಿಗುವುದು 150 ಕಿ.ಮೀ. ವರೆಗೆ. ಮೈಸೂರು ಆ ಲೆಕ್ಕದ ಒಳಗೆ ಬರುತ್ತದೆ, ಬೆಂಗಳೂರು ಬರುವುದಿಲ್ಲ. ಹಾಗಾಗಿ ಹಾಸನಕ್ಕೆ ಎರಡು ಥರದ ಪ್ರಯಾಣಿಕರು. ಒಂದು, ತಾಲ್ಲೂಕುಗಳಿಂದ ದಿನಾ ಬಂದು ಹೋಗುವವರು. ಇನ್ನೊಂದು, ಬೆಂಗಳೂರಿನಲ್ಲಿ ಕೆಲಸ ಇಟ್ಟುಕೊಂಡು ವಾರಕ್ಕೊಮ್ಮೆ ಮನೆಗೆ ಬರುವವರು. ಎರಡನೆಯವರಿಗೆ ಬ್ಯಾಗು ಇರುತ್ತದೆ, ಕರೆದುಕೊಂಡು ಹೋಗಲು ಯಾರಾದರೂ ಬಂದಿರುತ್ತಾರೆ, ಬೈಕ್ ಸ್ಟ್ಯಾಂಡು ಬೇಕು, ಆಟೊ ಬೇಕು. ಮೊದಲನೆಯವರಿಗೆ ಬೇಕಿರುವುದೇ ಬೇರೆ. ಇಳಿದು ಸೀದಾ ನಡೆದುಬಿಡಬೇಕು. ಸಂಜೆ ವಾಪಸ್ ಬರುವಾಗ ದಾರಿಯಲ್ಲೇ ಹಾಲು, ತರಕಾರಿ, ಮಾತ್ರೆ ಸಿಗಬೇಕು. ರೈಲು ಲೇಟಾದರೆ ಕೂರಲು ಒಂದು ಜಾಗ ಬೇಕು. ನಿಲ್ದಾಣದ ಯೋಜನೆಗಳು ಸಾಮಾನ್ಯವಾಗಿ ಎರಡನೆಯವರನ್ನು ನೋಡಿಕೊಂಡು ತಯಾರಾಗುತ್ತವೆ, ಯಾಕಂದರೆ ಕಾರು ಕಣ್ಣಿಗೆ ಕಾಣುತ್ತದೆ.

ಇದರಲ್ಲಿ ಇನ್ನೊಂದು ವಿಚಾರ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ರೈಲಿನ ಪಾಸು ಎಷ್ಟೇ ಕಮ್ಮಿ ಅಂದರೂ ಬಿಟ್ಟಿಯ ಎದುರು ಕಮ್ಮಿ ಅನ್ನುವುದೇ ಇಲ್ಲ. ಅದರ ಮೇಲೆ ನಿಲ್ದಾಣದಿಂದ ಕಾಲೇಜಿಗೋ ಆಫೀಸಿಗೋ ದಿನಾ ಎರಡು ಸಲ ಆಟೊಗೆ ಕೊಟ್ಟರೆ ಆ ತಿಂಗಳ ಪಾಸಿನ ಉಳಿತಾಯವೆಲ್ಲ ಅಲ್ಲೇ ಹೋಗುತ್ತದೆ. ಹೊಸ ಬಸ್ ನಿಲ್ದಾಣ, ಸಿಟಿ ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ ಮೂರೂ ಹಾಸನದಲ್ಲಿ ಮೂರು ಕಡೆ ಇವೆ. ಅರಸೀಕೆರೆಯಲ್ಲಿ ರೈಲಿಂದ ಇಳಿದವರು ಬಸ್ ಸ್ಟ್ಯಾಂಡಿಗೆ ನಡೆದೇ ಹೋಗುತ್ತಾರೆ. ಆ ಊರು ಬೆಳೆದಿದ್ದೇ ಜಂಕ್ಷನ್ನನ್ನು ನಂಬಿಕೊಂಡು. ಹಾಸನದಲ್ಲಿ ಊರು ಮೊದಲೇ ಇತ್ತು, ರೈಲು ಆಮೇಲೆ ಪಕ್ಕಕ್ಕೆ ಬಂದು ನಿಂತಿತು. ಹಾಗಾಗಿ ರೈಲಿಗೆ ಜನ ಬರಬೇಕು ಅಂದರೆ ಹೋಗಬೇಕಾದ ಜಾಗಗಳೇ ನಿಲ್ದಾಣದ ಹತ್ತಿರ ಬರಬೇಕು, ಇಲ್ಲವೇ ಇರುವ ದಾರಿ ನಡೆಯುವಂತಾಗಬೇಕು.

500 ಎಕರೆಯ ಲೆಕ್ಕ

ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2017ರಲ್ಲಿ ಸಾರಿಗೆ ಆಧಾರಿತ ಅಭಿವೃದ್ಧಿಗೆ ಅಂತಲೇ ಒಂದು ರಾಷ್ಟ್ರೀಯ ನೀತಿ ತಂದಿತು. ಟಿಒಡಿ ಅಂತ ಚಿಕ್ಕದಾಗಿ ಕರೆಯುವುದು ಇದನ್ನೇ. ನಿಲ್ದಾಣದಿಂದ 500ರಿಂದ 800 ಮೀಟರ್ ಒಳಗಿನ ಜಾಗವನ್ನು ನಿಲ್ದಾಣದ ಪ್ರಭಾವ ವಲಯ ಅಂತ ಅದು ಗುರುತಿಸುತ್ತದೆ. ಆರಾಮಾಗಿ ನಡೆದರೆ ಹತ್ತು ಹನ್ನೆರಡು ನಿಮಿಷ. ಆ ವಲಯದಲ್ಲಿ ಮನೆ, ಅಂಗಡಿ, ಕೆಲಸದ ಜಾಗ ದಟ್ಟವಾಗಿ, ಬೆರೆತು ಇರಲಿ. ಬಾಡಿಗೆಗೆ ಇರುವವರಿಗೂ, ಕಡಿಮೆ ಸಂಬಳದವರಿಗೂ ಅಲ್ಲಿ ಮನೆ ಸಿಗಲಿ. ಕಾರಿಗೆ ಜಾಗ ಕಮ್ಮಿ ಇರಲಿ. ನೀತಿಯ ತಿರುಳು ಇಷ್ಟೇ.

800 ಮೀಟರ್ ಅಳತೆಯಲ್ಲಿ ಸುತ್ತ ಒಂದು ಗೆರೆ ಎಳೆದರೆ ಒಳಗೆ ಬರುವುದು ಸುಮಾರು 200 ಹೆಕ್ಟೇರ್. ಅಂದರೆ 500 ಎಕರೆ ಹತ್ತಿರ. ಒಂದು ಸಣ್ಣ ಊರು ಕಟ್ಟುವಷ್ಟು ನೆಲ. ಆದರೆ ಇದು ಕಾಗದದ ಮೇಲಿನ ಲೆಕ್ಕ, ಹಕ್ಕಿಗೆ ಸರಿ. ನಡೆಯುವವರಿಗೆ ಅಷ್ಟು ಸಿಗುವುದಿಲ್ಲ.

ಮೊದಲನೇ ಅಡ್ಡಿ ಹಳಿಯೇ. ಅದು ಈ ವೃತ್ತವನ್ನು ನಡುವೆ ಸೀಳಿಕೊಂಡು ಹೋಗುತ್ತದೆ. ನಿಲ್ದಾಣಕ್ಕೆ ಒಂದೇ ಕಡೆ ಬಾಗಿಲಿದ್ದರೆ ಅರ್ಧ ವೃತ್ತ, ಅಂದರೆ 250 ಎಕರೆ, ಲೆಕ್ಕದಿಂದ ಬಿದ್ದುಹೋಯಿತು. ಹಾಸನ ನಿಲ್ದಾಣದ ಮುಖ ಬಿ.ಎಂ. ರಸ್ತೆ, ಅಂದರೆ ಬೆಂಗಳೂರು–ಮಂಗಳೂರು ರಸ್ತೆ, ಕಡೆಗೆ. ಹಿಂಬದಿಯಲ್ಲಿ ಪ್ಲಾಟ್‌ಫಾರಂ ಕಾಣುವಷ್ಟು ಹತ್ತಿರ ಮನೆ ಇರುವವರೂ ಸುತ್ತು ಹೊಡೆದು ಬರಬೇಕಾದರೆ, ಅವರ ಪಾಲಿಗೆ 200 ಮೀಟರ್ ಒಂದೂವರೆ ಕಿಲೋಮೀಟರ್ ಆಗಿಬಿಡುತ್ತದೆ. ಆಗ ಅವರು ಬೈಕ್ ತೆಗೆಯುತ್ತಾರೆ, ಇಲ್ಲ ಹಳಿ ದಾಟುತ್ತಾರೆ. ಹಳಿ ದಾಟುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೂ ದೇಶದ ಯಾವ ಊರಿನಲ್ಲೂ ಜನ ದಾಟುವುದು ಬಿಟ್ಟಿಲ್ಲ. ದಂಡದ ಬೋರ್ಡಿಗಿಂತ ಅಲ್ಲೊಂದು ಬಾಗಿಲು ಹೆಚ್ಚು ಕೆಲಸ ಮಾಡುತ್ತದೆ.

ಹಿಂಬದಿಯ ಬಾಗಿಲು, ಅಂದರೆ ಎರಡನೇ ಪ್ರವೇಶ, ಇಡೀ ಯೋಜನೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಜಾಸ್ತಿ ಫಲ ಕೊಡುವ ಕೆಲಸ ಅಂತ ನನಗನಿಸುತ್ತದೆ. ಒಂದು ಮೇಲ್ಸೇತುವೆ, ಒಂದು ಸಣ್ಣ ಟಿಕೆಟ್ ಕೌಂಟರು, ಒಂದು ಗೇಟು. ಇಷ್ಟಕ್ಕೆ 250 ಎಕರೆ ವಾಪಸ್ ಬರುತ್ತದೆ. ಆದರೆ ಒಂದು ಷರತ್ತು. ಆ ಸೇತುವೆ ರೈಲು ಹತ್ತುವವರಿಗೆ ಮಾತ್ರ ಆಗಬಾರದು. ಆಚೆ ಬೀದಿಯ ಅಜ್ಜಿ ಈಚೆ ಬೀದಿಯ ಮೆಡಿಕಲ್ ಸ್ಟೋರಿಗೆ ಬರಬೇಕಾದರೆ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಳ್ಳುವ ಹಾಗಿರಬಾರದು. ಟಿಕೆಟ್ ಜಾಗಕ್ಕೆ ಹೊರಗೇ ಊರಿನವರು ದಾಟುವ ದಾರಿ ಬೇಕು, ಸೈಕಲ್ ತಳ್ಳಿಕೊಂಡು ಹೋಗುವಷ್ಟು ಇಳಿಜಾರಿನದು.

ಎರಡನೇ ಅಡ್ಡಿ ಉದ್ದುದ್ದ ಕಾಂಪೌಂಡುಗಳು. ಕ್ವಾರ್ಟರ್ಸು, ಗೋಡೌನು, ಶಾಲೆ, ಕಲ್ಯಾಣ ಮಂಟಪ, ಸರ್ಕಾರಿ ಆಫೀಸು. ಒಂದೊಂದರ ಗೋಡೆಯೂ ನೂರಾರು ಮೀಟರ್. ಎರಡು ಬೀದಿ ಅಕ್ಕಪಕ್ಕದಲ್ಲೇ ಇದ್ದರೂ ನಡುವೆ ಸಂದಿ ಇರುವುದಿಲ್ಲ. ಹಳೇ ಪೇಟೆಗಳಲ್ಲಿ ಸಂದಿಗೊಂದಿಗಳು ಸುಮ್ನೆ ಹುಟ್ಟಿದವಲ್ಲ, ಜನ ನಡೆದು ನಡೆದು ಆದವು. ಲೇಔಟ್ ಕಾಲದಲ್ಲಿ ಅವು ಮಾಯವಾದವು. ಎಲ್ಲರೂ ಗಾಡಿಯಲ್ಲೇ ಓಡಾಡುತ್ತಾರೆ ಅಂದುಕೊಂಡು ಲೇಔಟ್ ಮಾಡಿದರೆ ಸಂದಿ ವ್ಯರ್ಥ ಅನಿಸುತ್ತದೆ. ಎರಡು ಕಾಂಪೌಂಡಿನ ನಡುವೆ 3 ಮೀಟರ್ ಅಗಲದ ಒಂದು ದಾರಿ ಬಿಡಿಸಿದರೆ ಕೆಲವರಿಗೆ ಐದು ನಿಮಿಷದ ನಡಿಗೆ ಉಳಿಯುತ್ತದೆ. ಸರ್ಕಾರಿ ಕಾಂಪೌಂಡಿನಲ್ಲಿ ಇದನ್ನು ಮಾಡಲು ಭೂಸ್ವಾಧೀನವೂ ಬೇಕಿಲ್ಲ, ಮನಸ್ಸಿದ್ದರೆ ಸಾಕು.

ಚಪ್ಪಡಿಯ ಮೇಲೆ

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗೆ ಅಂತಲೇ ಒಂದು ಮಾರ್ಗಸೂಚಿ ಇಟ್ಟಿದೆ, ಐಆರ್‌ಸಿ 103. ಫುಟ್‌ಪಾತಿನಲ್ಲಿ ಏನೂ ಅಡ್ಡ ಇಲ್ಲದೆ ನಡೆಯುವ ಜಾಗವೇ ಕನಿಷ್ಠ 1.8 ಮೀಟರ್ ಇರಬೇಕು ಅನ್ನುತ್ತದೆ. ಎರಡು ವೀಲ್‌ಚೇರು ಎದುರುಬದುರು ದಾಟುವಷ್ಟು. ಅಂಗಡಿ ಬೀದಿಯಲ್ಲಿ ಇನ್ನೂ ಜಾಸ್ತಿ. ರಸ್ತೆಯಿಂದ ಎತ್ತರ 150 ಮಿ.ಮೀ. ದಾಟಬಾರದು. ಅಂದರೆ ಒಂದು ಗೇಣಿಗಿಂತ ಕಮ್ಮಿ.

ನಮ್ಮ ಊರುಗಳಲ್ಲಿ ಫುಟ್‌ಪಾತ್ ಅಂದರೆ ಚರಂಡಿಯ ಮುಚ್ಚಳ. ಒಂದು ಚಪ್ಪಡಿ ಎದ್ದಿರುತ್ತದೆ, ಪಕ್ಕದ್ದು ಕುಸಿದಿರುತ್ತದೆ, ಮೂರನೆಯದು ಇರುವುದೇ ಇಲ್ಲ. ಇಲ್ಲದಿರುವ ಕಡೆ ಯಾರೋ ಪುಣ್ಯಾತ್ಮರು ಮರದ ಕೊಂಬೆ ನೆಟ್ಟಿರುತ್ತಾರೆ, ಬೀಳಬೇಡಿ ಅಂತ. ಅದನ್ನು ದಾಟಿದರೆ ಸೆಸ್ಕ್‌ನ ಟ್ರಾನ್ಸ್‌ಫಾರ್ಮರು. ಅದರಾಚೆ ಒಂದು ಅಂಗಡಿಯವರು ಬೈಕ್ ಹತ್ತಿಸಲು ಹಾಕಿಸಿದ ಸಿಮೆಂಟ್ ರ‍್ಯಾಂಪು. ಮುಂದಿನ ಅಂಗಡಿಯವರು ಟೈಲ್ಸ್ ಹಾಕಿ ಅರ್ಧ ಅಡಿ ಎತ್ತರಿಸಿಕೊಂಡಿದ್ದಾರೆ. ಅದರ ಮುಂದಿನವರು ಹಾಗೇ ಬಿಟ್ಟಿದ್ದಾರೆ. ಹತ್ತು, ಇಳಿ, ಹತ್ತು, ಇಳಿ. ಸೀರೆ ಉಟ್ಟು ಮಗು ಎತ್ತಿಕೊಂಡವರು ಎರಡು ಅಂಗಡಿ ದಾಟುವಷ್ಟರಲ್ಲಿ ಸಾಕಪ್ಪ ಅಂತ ರಸ್ತೆಗೆ ಇಳಿಯುತ್ತಾರೆ. ಸೋನೆ ಮಳೆ ಹಿಡಿದರೆ ಟೈಲ್ಸು ಜಾರುತ್ತದೆ ಬೇರೆ. ಜನ ಫುಟ್‌ಪಾತ್ ಬಿಟ್ಟು ರಸ್ತೆಯಲ್ಲಿ ನಡೆಯುತ್ತಾರೆ, ಅವರಿಗೆ ಶಿಸ್ತಿಲ್ಲ ಅಂತ ಬೈಯುವವರು ಒಮ್ಮೆ ಆ ಚಪ್ಪಡಿಗಳ ಮೇಲೆ ಲಗೇಜು ಹಿಡಿದು ನಡೆದು ನೋಡಲಿ.

ಬಿ.ಎಂ. ರಸ್ತೆ ದಾಟುವುದೂ ಹೀಗೇ. 20 ಮೀಟರ್ ಅಗಲದ ರಸ್ತೆಯನ್ನು ವಯಸ್ಸಾದವರು ದಾಟಬೇಕಾದರೆ 25 ಸೆಕೆಂಡಾದರೂ ಹಿಡಿಯುತ್ತದೆ. ಅಷ್ಟು ಹೊತ್ತು ಗಾಡಿ ನಿಲ್ಲಿಸುವ ಸಿಗ್ನಲ್ ಬೇಕು, ಇಲ್ಲವೇ ನಡುವೆ ನಿಂತು ಉಸಿರುಬಿಡಲು ಒಂದು ಅಗಲವಾದ ಕಟ್ಟೆ ಬೇಕು. ಇಂಥ ಕಡೆ ಎಂಜಿನಿಯರುಗಳ ಮೊದಲ ಸಲಹೆ ಸ್ಕೈವಾಕ್, ಅಂದರೆ ರಸ್ತೆಯ ಮೇಲೆ ನಡೆದು ಹೋಗುವ ಸೇತುವೆ. ಮುಂಬೈಯಲ್ಲಿ 2008ರಿಂದ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ಎಂಎಂಆರ್‌ಡಿಎ ಸಾಲುಸಾಲಾಗಿ ಸ್ಕೈವಾಕ್ ಕಟ್ಟಿತು, ಲೋಕಲ್ ಸ್ಟೇಷನ್ನುಗಳಿಂದ ಹೊರಡುವ ಜನರಿಗೆ ಅಂತ. ಬಾಂದ್ರಾ ಪೂರ್ವದಲ್ಲಿ ಮೊದಲನೆಯದು. ತುಂಬಾ ಕಡೆ ಜನ ಕೆಳಗೇ ನಡೆದರು. ಕಾರಣ ಸುಲಭ. ಅಂಗಡಿ ಕೆಳಗಿದೆ, ಆಟೊ ಕೆಳಗಿದೆ, ಮೇಲೆ ಹತ್ತಿ ಇಳಿಯಲು ಅರವತ್ತು ಎಪ್ಪತ್ತು ಮೆಟ್ಟಿಲು. ಹಳಿ ದಾಟಲು ಸೇತುವೆ ಬೇಕೇ ಬೇಕು, ರೈಲನ್ನು ನಿಲ್ಲಿಸಲಾಗದು. ರಸ್ತೆ ದಾಟಲು ಗಾಡಿಯನ್ನು ನಿಲ್ಲಿಸಬಹುದು, ಅಲ್ವಾ?

ಕೆಳಗೆ ಅಂಗಡಿ, ಮೇಲೆ ಮನೆ

ಮಿಶ್ರ ಬಳಕೆ ಅನ್ನುವುದನ್ನು ಹೊಸದಾಗಿ ಯಾರೂ ನಮಗೆ ಕಲಿಸಬೇಕಿಲ್ಲ. ಹಾಸನದ ಹಳೇ ಪೇಟೆಯಲ್ಲಿ ಕೆಳಗೆ ಅಂಗಡಿ, ಹಿಂದೆ ಗೋಡೌನು, ಮೇಲೆ ಮನೆ. ಯಜಮಾನರು ಊಟಕ್ಕೆ ಮೆಟ್ಟಿಲು ಹತ್ತಿದರೆ ಸಾಕು. ಮಹಾಯೋಜನೆ, ಅಂದರೆ ಊರಿನ ಮಾಸ್ಟರ್ ಪ್ಲಾನ್, ಬಂದ ಮೇಲೆ ನಕ್ಷೆಗೆ ಬಣ್ಣಗಳು ಬಂದವು. ಹಳದಿ ವಾಸಕ್ಕೆ, ನೀಲಿ ವಾಣಿಜ್ಯಕ್ಕೆ. ಹಳದಿಯಲ್ಲಿ ಅಂಗಡಿ ಇಡಬೇಕಾದರೆ ಅಳತೆ, ರಸ್ತೆ ಅಗಲ, ಅನುಮತಿ. ಪೂರ್ತಿ ಬದಲಿಸಬೇಕಾದರೆ ಭೂಬಳಕೆ ಬದಲಾವಣೆಯ ಅರ್ಜಿ ಹಿಡಿದು ಆಫೀಸು ಅಲೆಯಬೇಕು. ಅಲೆಯಲು ಆಗದವರು ಸುಮ್ನೆ ಶಟರ್ ಎತ್ತಿ ವ್ಯಾಪಾರ ಶುರು ಮಾಡುತ್ತಾರೆ. ಹಾಗಾಗಿ ನಮ್ಮಲ್ಲಿ ಮಿಶ್ರ ಬಳಕೆ ಇದೆ, ಅರ್ಧಕ್ಕರ್ಧ ಅದು ಕದ್ದುಮುಚ್ಚಿ ನಡೆಯುವಂಥದ್ದು.

ಆದರೆ ಬಣ್ಣಕ್ಕಿಂತ ಹೆಚ್ಚು ಹಾನಿ ಮಾಡುವ ನಿಯಮ ಇನ್ನೊಂದಿದೆ, ಪಾರ್ಕಿಂಗು. ಇದರ ಬಗ್ಗೆ ಮಾತಾಡುವವರು ಕಮ್ಮಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕದಲ್ಲಿ ಒಂದು ಕಾರಿಗೆ, ಓಡಾಡುವ ಜಾಗ ಸೇರಿ, ಬಯಲಿನಲ್ಲಿ 23 ಚದರ ಮೀಟರ್ ಬೇಕು. ಕಟ್ಟಡದ ಕೆಳಗಾದರೆ 28, ನೆಲಮಾಳಿಗೆಯಾದರೆ 32. 28 ಚದರ ಮೀಟರ್ ಅಂದರೆ 300 ಚದರಡಿ. ಮೂವತ್ತು ನಲವತ್ತರ ಸೈಟು ಇರುವುದೇ 1200 ಅಡಿ. ಅದರಲ್ಲಿ ಸುತ್ತ ಬಿಡಬೇಕಾದ ಜಾಗ ಕಳೆಯಿರಿ. ಮೆಟ್ಟಿಲು ಕಳೆಯಿರಿ. ಎರಡು ಕಾರು ನಿಲ್ಲಿಸಿ. ನೆಲಮಹಡಿಯಲ್ಲಿ ಒಂದು ಟೀ ಅಂಗಡಿ ಇಡಲೂ ಜಾಗ ಉಳಿಯುವುದಿಲ್ಲ.

ಹೊಸ ಅಪಾರ್ಟ್‌ಮೆಂಟ್ ಬೀದಿಗಳಲ್ಲಿ ಸಂಜೆ ಏಳರ ಮೇಲೆ ನಡೆದು ನೋಡಿ. ನೆಲಮಹಡಿ ಪೂರ್ತಿ ಕಂಬ ಮತ್ತು ಕಾರು. ಗೇಟು, ಗೋಡೆ, ಮತ್ತೆ ಗೇಟು. ಬೆಳಕಿಲ್ಲ, ಮಾತಾಡಿಸುವವರಿಲ್ಲ. ಟ್ಯೂಷನ್ ಮುಗಿಸಿ ಬರುವ ಹುಡುಗಿ ಆ ಬೀದಿ ಬಿಟ್ಟು ಅಂಗಡಿಗಳಿರುವ ಬೀದಿಯಲ್ಲಿ ಸುತ್ತಿಕೊಂಡು ಹೋಗುತ್ತಾಳೆ. ಝೆರಾಕ್ಸ್ ಅಂಗಡಿ, ಬೇಕರಿ, ಟೈಲರು, ಐರನ್ ಮಾಡುವವರು ಇದ್ದರೆ ಬೀದಿಗೆ ಕಣ್ಣು ಇರುತ್ತದೆ. ಪಾರ್ಕಿಂಗ್ ನಿಯಮ ಕಾರಿಗೆ ಜಾಗ ಮಾಡಲು ಹೋಗಿ ಈ ಅಂಗಡಿಗಳನ್ನೇ ಹೊರಗೆ ಹಾಕುತ್ತದೆ. ಅದೂ ನಿಲ್ದಾಣದ ಪಕ್ಕದಲ್ಲಿ, ಕಾರು ಬೇಡ ಅನ್ನುವವರು ಬಂದು ಇರಬೇಕಾದ ಜಾಗದಲ್ಲಿ!

ಕಾರೇ ಬೇಡ ಅನ್ನುವ ಮಾತು ಹಾಸನದಲ್ಲಿ ನಡೆಯುವುದಿಲ್ಲ, ಅದು ನನಗೂ ಗೊತ್ತು. ತೋಟಕ್ಕೆ ಹೋಗುವವರು, ಹಳ್ಳಿಯಲ್ಲಿ ಅಪ್ಪ ಅಮ್ಮ ಇರುವವರು ಗಾಡಿ ಇಟ್ಟೇ ಇಡುತ್ತಾರೆ. ಆದರೆ ನಿಲ್ದಾಣದಿಂದ 500 ಮೀಟರ್ ಒಳಗೆ ಇಂತಿಷ್ಟು ಪಾರ್ಕಿಂಗ್ ಇರಲೇಬೇಕು ಅನ್ನುವುದನ್ನು ಕೈಬಿಡಬಹುದು. ಬದಲಿಗೆ ಇಷ್ಟಕ್ಕಿಂತ ಜಾಸ್ತಿ ಬೇಡ ಅನ್ನಬಹುದು. ಬೇಕಾದವರು ಪಾಲಿಕೆಯ ಸಾಮಾನ್ಯ ಪಾರ್ಕಿಂಗಿನಲ್ಲಿ ತಿಂಗಳ ಬಾಡಿಗೆ ಕೊಟ್ಟು ನಿಲ್ಲಿಸಿಕೊಳ್ಳಲಿ. ಕಾರಿಲ್ಲದವರ ಬಾಡಿಗೆಯಲ್ಲಿ ಕಾರಿನ ಜಾಗದ ಖರ್ಚು ಸೇರುವುದಾದರೂ ತಪ್ಪುತ್ತದೆ.

ಮಹಡಿ ಏರಿಸುವ ಆಸೆ

ಎಫ್‌ಎಆರ್ ಅಂದರೆ ಸೈಟಿನ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ. 1200 ಅಡಿ ಸೈಟಿಗೆ ಎಫ್‌ಎಆರ್ 2 ಇದ್ದರೆ ಎಲ್ಲ ಮಹಡಿ ಸೇರಿ 2400 ಅಡಿ. ಟಿಒಡಿ ಅಂದರೆ ನಮ್ಮ ರಾಜಕಾರಣಿಗಳಿಗೂ ರಿಯಲ್ ಎಸ್ಟೇಟಿನವರಿಗೂ ಮೊದಲು ಅರ್ಥವಾಗುವುದು ಇದೊಂದೇ: ಸ್ಟೇಷನ್ ಹತ್ತಿರ ಎಫ್‌ಎಆರ್ ಏರಿಸಿ.

ಏರಿಸಿದ ಮರುದಿನ ಏನಾಗುತ್ತದೆ? ಸೈಟಿನ ರೇಟು ಏರುತ್ತದೆ. ಆ ದಿನ ರೈಲು ಒಂದೂ ಜಾಸ್ತಿ ಆಗಿರುವುದಿಲ್ಲ, ಫುಟ್‌ಪಾತೂ ಆಗಿರುವುದಿಲ್ಲ. ಮೂವತ್ತು ನಲವತ್ತರ ಸೈಟಿನವರು ಆ ಹೆಚ್ಚುವರಿ ಅಡಿಗಳನ್ನು ಬಳಸಲೂ ಆಗುವುದಿಲ್ಲ. ಸುತ್ತ ಜಾಗ ಬಿಟ್ಟು, ಲಿಫ್ಟು ಹಾಕಿ, ಪಾರ್ಕಿಂಗ್ ಕೊಟ್ಟು ಎಷ್ಟು ಅಂತ ಮೇಲೇರುವುದು? ಹತ್ತು ಸೈಟು ಕೂಡಿಸಿ ಕೊಳ್ಳುವ ತಾಕತ್ತು ಇರುವವರಿಗೆ ಮಾತ್ರ ಲಾಭ. ಅವರು ಕಟ್ಟುವುದು ಕಾರಿರುವವರಿಗೆ. ಅವರ ಕಾರುಗಳು ಬಂದು ಸೇರುವುದು ಬಿ.ಎಂ. ರಸ್ತೆಗೆ. ಅಲ್ಲಿ ಈಗ ಬಾಡಿಗೆಗಿರುವ ಹಮಾಲಿಗಳು, ಹೋಟೆಲ್ ಕೆಲಸದವರು, ನರ್ಸಿಂಗ್ ಓದುವ ಮಕ್ಕಳು ಊರಾಚೆ ಹೋಗುತ್ತಾರೆ. ದಿನಾ ರೈಲು, ಬಸ್ಸು ಹತ್ತುವವರು ಇವರೇ. ಎಫ್‌ಎಆರ್ ಜಾಸ್ತಿ ಕೊಡುವುದಾದರೆ, ಜಾಸ್ತಿ ಕಟ್ಟುವುದರಲ್ಲಿ ಒಂದು ಪಾಲು ಸಣ್ಣ ಬಾಡಿಗೆ ಮನೆಗೆ ಅಂತ ಬರೆಸಿಕೊಂಡೇ ಕೊಡಬೇಕು. ಹೆಚ್ಚುವರಿ ಎಫ್‌ಎಆರ್‌ಗೆ ಕಟ್ಟಿಸಿಕೊಳ್ಳುವ ಪ್ರೀಮಿಯಂ ಶುಲ್ಕದ ದುಡ್ಡು ಅದೇ 800 ಮೀಟರಿನ ಚರಂಡಿ, ದೀಪ, ಫುಟ್‌ಪಾತಿಗೆ ಹೋಗಬೇಕು, ಸಾಮಾನ್ಯ ಖಾತೆಗೆ ಹೋಗಿ ಕರಗಬಾರದು.

ಬೇರೆ ಕಡೆ ಇದನ್ನು ಮಾಡಿದವರು ರೈಲಿನ ಖರ್ಚಿಗೂ ನೆಲದ ಲಾಭಕ್ಕೂ ಗಂಟು ಹಾಕಿದ್ದರು. ಜಪಾನಿನ ಹ್ಯಾಂಕ್ಯೂ ರೈಲು ಕಂಪನಿ 1910ರಲ್ಲಿ ಒಸಾಕಾದಿಂದ ಗದ್ದೆಗಳ ಕಡೆಗೆ ಹಳಿ ಹಾಕಿತು. ಅದರ ಹಿಂದಿದ್ದ ಕೊಬಯಾಶಿ ಇಚಿಜೊ ಅನ್ನುವವರು ಹಳಿಯ ಪಕ್ಕದ ನೆಲದಲ್ಲಿ ಮನೆ ಕಟ್ಟಿ ಕಂತಿನ ಮೇಲೆ ಮಾರಿದರು. ಒಂದು ತುದಿಯಲ್ಲಿ ನಾಟಕ ಮಂದಿರ, ಇನ್ನೊಂದು ತುದಿಯಲ್ಲಿ, 1929ರಲ್ಲಿ, ನಿಲ್ದಾಣಕ್ಕೇ ಅಂಟಿಕೊಂಡ ಡಿಪಾರ್ಟ್‌ಮೆಂಟ್ ಸ್ಟೋರು. ಬೆಳಗ್ಗೆ ಸಂಜೆ ಕೆಲಸಕ್ಕೆ ಹೋಗುವವರು, ಮಧ್ಯಾಹ್ನ ಅಂಗಡಿಗೆ, ಭಾನುವಾರ ನಾಟಕಕ್ಕೆ. ಎರಡೂ ದಿಕ್ಕಿಗೆ ರೈಲು ತುಂಬಿ ಓಡಿತು. ನಮ್ಮ ನವಿ ಮುಂಬೈಯಲ್ಲಿ ಆ ಊರು ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ ರೈಲ್ವೆಗೆ ಖರ್ಚಿನ ಶೇ 67ರಷ್ಟು ಕೊಟ್ಟಿತು, ರೈಲ್ವೆ ಹಾಕಿದ್ದು ಶೇ 33. ಸಿಡ್ಕೊ ಬಳಿ ನೆಲವಿತ್ತು, ಅದನ್ನು ಮಾರಿಕೊಂಡು ಹಾಕಿದ ದುಡ್ಡು ತೆಗೆಯಿತು. 1992ರಲ್ಲಿ ವಾಶಿಗೆ ಲೋಕಲ್ ಬಂತು, ನಿಲ್ದಾಣದ ಮೇಲೇ ಆಫೀಸುಗಳೂ ಎದ್ದವು. ಅದೇ ದಾರಿಯ ಸೀವುಡ್ಸ್‌ನಲ್ಲಿ ಈಗ ನಿಲ್ದಾಣದ ಮೇಲೆ ದೊಡ್ಡ ಮಾಲ್ ಕೂತಿದೆ. ರೈಲಿಂದ ಇಳಿದು ಮಾಲಿಗೆ ಹೋಗುವುದು ಸಲೀಸು. ಆದರೆ ಮಾಲ್ ಎಷ್ಟು ದೊಡ್ಡದಾದರೂ ಒಳಮುಖದ್ದು, ಸುತ್ತಲಿನ ಬೀದಿಗೆ ಅದು ಕೊಡುವುದು ಗೋಡೆಯನ್ನು. ಹಾಸನದಲ್ಲಿ ಯಾರಾದರೂ ಸ್ಟೇಷನ್ ಮೇಲೆ ಮಾಲ್ ಕಟ್ಟುತ್ತೇವೆ ಅಂದರೆ ಎರಡು ಸಲ ಯೋಚಿಸಬೇಕು.

ಹಾಸನ ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಹುಡಾದ, ಕೈಯಲ್ಲಿ ಸಿಡ್ಕೊ ಥರ ನೆಲ ಇಲ್ಲ. ರೈಲ್ವೆ ಕೈಯಲ್ಲಿ ಸ್ವಲ್ಪ ಇದೆ. ಅದನ್ನು ಗುತ್ತಿಗೆಗೆ ಕೊಡಲು ಅಂತಲೇ ರೈಲು ಭೂಮಿ ಅಭಿವೃದ್ಧಿ ಪ್ರಾಧಿಕಾರ ಇದೆ. 2005ರ ತಿದ್ದುಪಡಿಯಿಂದ ಹುಟ್ಟಿದ ಅದರ ಕೆಲಸವೇ ರೈಲ್ವೆಗೆ ದುಡ್ಡು ತರುವುದು. ಜಾಸ್ತಿ ಕೂಗಿದವರಿಗೆ ಜಾಗ. ಅಲ್ಲಿ ವರ್ಕಿಂಗ್ ವಿಮೆನ್ಸ್ ಹಾಸ್ಟೆಲ್ ಬೇಕೋ, ಮದುವೆ ಛತ್ರ ಬೇಕೋ ಅಂತ ಊರು ಮೊದಲೇ ಹೇಳದಿದ್ದರೆ ಆಮೇಲೆ ಕೇಳುವಂತಿಲ್ಲ.

ರೈಲು ಬರದಿದ್ದರೆ

ಇಷ್ಟೆಲ್ಲ ಮಾಡಿ, ಬೆಳಗ್ಗೆ ಒಂದು ರೈಲು ಬಂದು ಸಂಜೆ ಒಂದು ಹೋದರೆ? ಅದು ತಪ್ಪಿದರೆ ಮುಗೀತು, ಬಸ್ಸೇ ಗತಿ. ಮುಂಬೈ ಲೋಕಲಿನಲ್ಲಿ ಯಾರೂ ಟೈಮ್ ನೋಡಿ ಮನೆ ಬಿಡುವುದಿಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ. ಅಷ್ಟು ನಾವು ಕೇಳುತ್ತಿಲ್ಲ. ಬೆಳಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು, ಈ ಹೊತ್ತಿನಲ್ಲಿ ಗಂಟೆಗೊಂದು ಸಣ್ಣ ಮೆಮು (ಕರೆಂಟಿನಲ್ಲಿ ಓಡುವ ಪ್ಯಾಸೆಂಜರ್ ರೈಲು) ಹೊಳೆನರಸೀಪುರ, ಅರಸೀಕೆರೆ, ಸಕಲೇಶಪುರ, ಚನ್ನರಾಯಪಟ್ಟಣದ ಕಡೆಗೆ ಓಡಿದರೆ ಹಾಸನದ ಲೆಕ್ಕಕ್ಕೆ ಅದೇ ಲೋಕಲ್. ಒಂಟಿ ಹಳಿ, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಬೇಕು, ಕ್ರಾಸಿಂಗ್‌ಗೆ ಕಾಯಬೇಕು ಅನ್ನುವುದೆಲ್ಲ ನಿಜವಾದ ತೊಡಕುಗಳೇ. ಬೆಂಗಳೂರಿಗೇ ಉಪನಗರ ರೈಲು ಎಷ್ಟು ನಿಧಾನ ಅಂತ ನೋಡುತ್ತಿದ್ದೇವೆ. 148 ಕಿ.ಮೀ.ನ ಆ ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು, ಜನ ಇನ್ನೂ ಕಾಯುತ್ತಿದ್ದಾರೆ. ಆದರೆ ಹಾಸನಕ್ಕೆ ಹೊಸ ಹಳಿ ಬೇಕಿಲ್ಲ. ಇರುವ ಹಳಿಯಲ್ಲಿ ಬೆಳಗಿನ ಜಾಗ ಬೇಕು. ಅದನ್ನು ಕೊಡುವವರು ಮೈಸೂರು ವಿಭಾಗದವರು ಮತ್ತು ಹುಬ್ಬಳ್ಳಿಯ ನೈಋತ್ಯ ರೈಲ್ವೆಯವರು.

ಟೀ ಗಾಡಿ ಎಲ್ಲಿ ನಿಲ್ಲಬೇಕು

ಮರುಅಭಿವೃದ್ಧಿ ಶುರುವಾದಾಗ ಮೊದಲು ಎತ್ತಂಗಡಿ ಆಗುವುದು ಗೇಟಿನ ಎದುರಿನ ಟೀ ಗಾಡಿ, ಇಡ್ಲಿ ಗಾಡಿ, ಹೂವಿನವರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇವರ ಪರ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಸರ್ವೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆದರೆ ಇದೇ ಕಾಯ್ದೆ ರೈಲ್ವೆಯ ಜಾಗಕ್ಕೆ ಅನ್ವಯವಾಗುವುದಿಲ್ಲ. ಕಾಯ್ದೆಯಲ್ಲೇ ಹಾಗೆ ಬರೆದಿದೆ. ಅಂದರೆ ಗೇಟಿನ ಹೊರಗೆ ಒಂದು ಅಡಿಯಲ್ಲಿ ನಿಂತ ಗಾಡಿಗೆ ಹಕ್ಕಿದೆ, ಒಳಗೆ ಒಂದು ಅಡಿಯಲ್ಲಿ ನಿಂತ ಗಾಡಿಗೆ ಇಲ್ಲ. ನಿಲ್ದಾಣದ ಮುಂದಿನ ಅಂಗಳ ದೊಡ್ಡದು ಮಾಡುತ್ತೇವೆ ಅಂತ ಗಡಿ ಆಚೀಚೆ ಮಾಡಿದರೆ ಒಬ್ಬರ ಹೊಟ್ಟೆಪಾಡು ಕಾನೂನಿನ ಹೊರಗೆ ಬೀಳಬಹುದು.

ಬೆಳಗಿನ ಜಾವದ ರೈಲಿಗೆ ಒಂಟಿಯಾಗಿ ಬರುವ ಹೆಂಗಸಿಗೆ ಸಿಸಿ ಕ್ಯಾಮೆರಾಗಿಂತ ಆ ಟೀ ಗಾಡಿಯ ದೀಪ ಹೆಚ್ಚು ಧೈರ್ಯ. ಹಾಗಾಗಿ ನಕ್ಷೆಯಲ್ಲೇ ಅವರಿಗೆ ನೀರು, ಚರಂಡಿ, ದೀಪ ಇರುವ ಜಾಗ ಗುರುತಾಗಬೇಕು, ನಡೆಯುವ 1.8 ಮೀಟರ್ ಬಿಟ್ಟು ಪಕ್ಕಕ್ಕೆ. ಆಟೊದವರದ್ದೂ ಇದೇ ಕತೆ. ನಡೆಯುವ ಊರು ಆದರೆ ನಮ್ಮ ಬಾಡಿಗೆ ಹೋಗುತ್ತದೆ ಅಂತ ಅವರಿಗೆ ಹೆದರಿಕೆ. ಗೇಟಿಗೆ ಅಡ್ಡ ನಿಲ್ಲುವ ಬದಲು ಸರದಿ ಜಾಗ, ಷೇರ್ ಆಟೊಗೆ ಗೊತ್ತಾದ ದಾರಿ ಸಿಕ್ಕರೆ ಜಾಸ್ತಿ ಜನ ರೈಲಿಗೆ ಬಂದಾಗ ಅವರಿಗೂ ಬಾಡಿಗೆ ಜಾಸ್ತಿ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ನಿಲ್ದಾಣದಿಂದ ದೇವಸ್ಥಾನದವರೆಗೆ ಜನ ಯಾವ ಬೀದಿ ಹಿಡಿಯುತ್ತಾರೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಯಾರಾದರೂ ನಿಂತು ಎಣಿಸಿದರೆ, ಲಕ್ಷಗಟ್ಟಲೆ ಕೊಟ್ಟು ಮಾಡಿಸುವ ಕನ್ಸಲ್ಟೆಂಟ್ ವರದಿಯಲ್ಲಿ ಇರುವುದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ಚಿಕ್ಕಮಗಳೂರಿಗೆ ಇನ್ನೂ ಟೈಮಿದೆ

ಪಕ್ಕದ ಚಿಕ್ಕಮಗಳೂರಿನ ಸಮಸ್ಯೆ ಬೇರೆ ಥರ. ಕಡೂರಿನಿಂದ 46 ಕಿ.ಮೀ. ಹಳಿ ಹಾಕಿ 2013ರ ನವೆಂಬರಿನಲ್ಲಿ ಅಲ್ಲಿಗೆ ರೈಲು ಬಂತು. ನಿಲ್ದಾಣ ಇರುವುದು ಊರಿನಿಂದ ಆಚೆ. ಇಳಿದವರು ಪೇಟೆಗೆ ನಡೆದು ಹೋಗುವ ಮಾತೇ ಇಲ್ಲ. 2025ರ ಜುಲೈನಲ್ಲಿ ತಿರುಪತಿಗೆ ವಾರದ ರೈಲು ಶುರುವಾಯಿತು. ಬೇಲೂರಿನ ಮೇಲೆ ಹಾಸನಕ್ಕೆ ಹಳಿ ಸೇರಿದರೆ ಅದು ಕೊನೇ ಸ್ಟೇಷನ್ ಆಗಿ ಉಳಿಯುವುದಿಲ್ಲ, ನಡುವಿನ ಸ್ಟೇಷನ್ ಆಗುತ್ತದೆ. ಅಲ್ಲಿ ಸುತ್ತ ಖಾಲಿ ಜಾಗ ಇರುವುದೇ ದೊಡ್ಡ ಅನುಕೂಲ. ಹಾಸನದಲ್ಲಿ ಗೋಡೆ ಒಡೆದು ಮಾಡಬೇಕಾದ ಸಂದಿಯನ್ನು ಅಲ್ಲಿ ಪೆನ್ಸಿಲಿನಲ್ಲಿ ಎಳೆದರೆ ಆಯಿತು. ಆದರೆ ಒಂದೊಂದೇ ಲೇಔಟು ತನ್ನ ಪಾಡಿಗೆ ತಾನು ಅಪ್ರೂವಲ್ ತೆಗೆದುಕೊಂಡು, ಒಂದರ ರಸ್ತೆ ಇನ್ನೊಂದಕ್ಕೆ ಸೇರದೆ, ಎಲ್ಲ ಹೋಗಿ ಒಂದೇ ಮುಖ್ಯರಸ್ತೆಗೆ ಬಿದ್ದರೆ ಇನ್ನು ಹದಿನೈದು ವರ್ಷಕ್ಕೆ ಅದೂ ಇನ್ನೊಂದು ಬಿ.ಎಂ. ರಸ್ತೆ.

ಯಾರನ್ನು ಕೇಳುವುದು

ಹಾಸನದ ಆ 500 ಎಕರೆಗೆ ಯಜಮಾನ ಒಬ್ಬನಲ್ಲ. ಹಳಿ, ಅಂಗಳ ರೈಲ್ವೆಯದು. ಅದರ ಗಡಿಯಿಂದ 30 ಮೀಟರ್ ಒಳಗೆ ಯಾರೇ ಕಟ್ಟಿದರೂ ರೈಲ್ವೆಯ ಎನ್‌ಒಸಿ ಬೇಕು. ದೊಡ್ಡ ರಸ್ತೆ ಒಂದು ಇಲಾಖೆಯದು, ಒಳರಸ್ತೆ ಪಾಲಿಕೆಯದು, ಕಂಬ ಸೆಸ್ಕ್‌ನದು, ಬಸ್ಸು ಕೆಎಸ್‌ಆರ್‌ಟಿಸಿಯದು, ಬಣ್ಣ ಹುಡಾದ್ದು. ಚಪ್ಪಡಿ ಹೋಯಿತು ಅಂತ ದೂರು ಕೊಟ್ಟರೆ ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅನ್ನುವ ಉತ್ತರ ಎಲ್ಲ ಕಡೆಯಿಂದಲೂ ಸಿಗುವುದು ಇದಕ್ಕೇ. ಜಿಲ್ಲಾಧಿಕಾರಿ ಕೂರಿಸಿ ಮಾತಾಡಿಸುವ ಒಂದು ಸಣ್ಣ ಕಮಿಟಿ, ಆ 800 ಮೀಟರಿಗೆ ಮಾತ್ರ, ಸದ್ಯಕ್ಕೆ ಸಾಕು. ದೊಡ್ಡ ಪ್ರಾಧಿಕಾರ ಮಾಡಿದರೆ ಅದಕ್ಕೊಂದು ಕಟ್ಟಡ ಕಟ್ಟುವುದರಲ್ಲೇ ಮೂರು ವರ್ಷ ಹೋಗುತ್ತದೆ.

ಹಾಸನ ಈಗ ಮಹಾನಗರ ಪಾಲಿಕೆ. ಗಡಿ ಹಿಗ್ಗಿದೆ. ಇಂಥ ಹೊತ್ತಿನಲ್ಲಿ ಮಹಾಯೋಜನೆಯನ್ನೂ ಮತ್ತೆ ಬರೆಯಬೇಕಾಗುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಕರಡು ಪ್ರಕಟವಾದ ಮೇಲೆ ಜನರ ಆಕ್ಷೇಪಣೆ, ಸಲಹೆಗೆ 60 ದಿನ ಕೊಡಬೇಕು. ಸಾಮಾನ್ಯವಾಗಿ ಆ ಅರವತ್ತು ದಿನದಲ್ಲಿ ಆಫೀಸಿಗೆ ಹೋಗುವವರು ತಮ್ಮ ಸೈಟು ರಸ್ತೆಗೆ ಹೋಗುತ್ತದೆ ಅನ್ನುವವರು ಮತ್ತು ತಮ್ಮ ಜಮೀನು ಹಳದಿ ಆಗಬೇಕು ಅನ್ನುವವರು. ಪಾಸಿನಲ್ಲಿ ಓಡಾಡುವವರು ಹೋಗುವುದಿಲ್ಲ. ಅವರಿಗೆ ಆ ಹೊತ್ತಿಗೆ ರೈಲಿರುತ್ತದೆ.

ಹೋಗುವವರಿಗೆ ಒಂದು ಮಾತು. ಸ್ಟೇಷನ್ ಏರಿಯಾ ಅಭಿವೃದ್ಧಿ ಮಾಡಿ ಅಂತ ಬರೆದರೆ ಪರಿಶೀಲಿಸಲಾಗುವುದು ಅಂತ ಉತ್ತರ ಬರುತ್ತದೆ, ಅಲ್ಲಿಗೆ ಫೈಲು ಮುಚ್ಚಿತು. ಬದಲಿಗೆ ಸರ್ವೆ ನಂಬರು ಹಾಕಿ. ಇಂಥ ಕಾಂಪೌಂಡಿನ ಪಕ್ಕ 3 ಮೀಟರ್ ದಾರಿ ಬಿಡಿಸಿ, ಇಂಥ ಬೀದಿಯಲ್ಲಿ ನೆಲಮಹಡಿ ಅಂಗಡಿಗೆ ಬೇರೆ ಅನುಮತಿ ಬೇಡ ಅನ್ನಿ, ಇಂಥ ಗೆರೆಯೊಳಗೆ ಪಾರ್ಕಿಂಗಿನ ಕನಿಷ್ಠ ಮಿತಿ ತೆಗೆಯಿರಿ, ಹಿಂಬದಿ ಪ್ರವೇಶಕ್ಕೆ ಇಷ್ಟು ಜಾಗ ಕಾದಿರಿಸಿ. ಇವಕ್ಕೆ ಹೌದು ಅನ್ನಬೇಕು, ಇಲ್ಲವೇ ಯಾಕೆ ಆಗುವುದಿಲ್ಲ ಅಂತ ಬರೆದು ಕೊಡಬೇಕು. ಜೊತೆಗೆ ಕೈಬರಹದ್ದಾದರೂ ಸರಿ, ಒಂದು ನಕ್ಷೆ ಇಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಒಂದು ಝೆರಾಕ್ಸ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ.